ಬರ್ಕೊಳ್ಳೋ ಅಕ್ಕನ ಕಿಟಕಿಗಳು

ಈ ಊರಿನ ಲಿಫ್ಟುಗಳಲ್ಲಿ ಒಮ್ಮೆಯಾದರೂ ಸಿಕ್ಕಿಹಾಕಿಕೊಂಡವರಿಗೆಲ್ಲ, ಇದನ್ನು ಬರೆಯುತ್ತಿರುವವನನ್ನೂ ಸೇರಿಸಿ, ಆ ಹೆಂಗಸಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇತ್ತು. ಲಿಫ್ಟು ಎರಡು ಅಂತಸ್ತುಗಳ ನಡುವೆ ತ್ರಿಶಂಕುವಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಕನ್ನಡಿಯಲ್ಲಿ ಟೈ ನೇವರಿಸಿಕೊಳ್ಳುತ್ತ, ತಾನಿಲ್ಲದಿದ್ದರೆ ಮೇಲಿನ ಮೀಟಿಂಗು ಶುರುವೇ ಆಗುವುದಿಲ್ಲವೆಂದುಕೊಂಡಿದ್ದ ಮಹಾಶಯ, ಗೋಡೆಯ ಮೇಲಿನ ಕೆಂಪು ಗುಂಡಿಯನ್ನು ಒಂದೇ ಸಮನೆ ಒತ್ತತೊಡಗುತ್ತಾನೆ. ಆಗ ತಲೆಯ ಮೇಲಿನ ಸಣ್ಣ ತೂತುಗಳಿಂದ ಒಂದು ದನಿ, "ಹೆದರ್ಬೇಡಿ, ನಾನಿದೀನಿ. ಏನಾಯ್ತು ಹೇಳಿ" ಎನ್ನುತ್ತದೆ. ಮಹಾಶಯ ಹೇಳುತ್ತಾನೆ. ಲಿಫ್ಟಿನ ವಿಷಯ ಮುಗಿದ ಮೇಲೆ ಕಟ್ಟಡದ ವಿಷಯ, ಅದಾದ ಮೇಲೆ ದೇಶದ ವಿಷಯ, ಕೊನೆಗೆ ತನ್ನ ರಕ್ತದೊತ್ತಡದ ವಿಷಯ. ಅಷ್ಟೂ ಹೊತ್ತು ಆ ದನಿಯ ಹಿಂದೆ ಸರ್ ಸರ್ ಎಂದು ಕಾಗದದ ಮೇಲೆ ಪೆನ್ಸಿಲ್ ಓಡುವ ಸದ್ದು. ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಾಳೆ ಎಂದು ಅವನ ಎದೆ ತಣ್ಣಗಾಗುತ್ತದೆ. ಕಟ್ಟಿಕೊಂಡ ಹೆಂಡತಿಯೂ ಅವನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವಳಲ್ಲ.

ಅವಳು ಬರೆದುಕೊಳ್ಳುತ್ತಿರಲಿಲ್ಲ. ಮೀನಿನ ಹುರುಪೆಗಳಿಗೆ ನೀಲಿ ಬಣ್ಣ ತುಂಬುತ್ತಿದ್ದಳು.

ಇದು ತಿಳಿಯದ ಜನ ಅವಳಿಗೆ 'ಬರ್ಕೊಳ್ಳೋ ಅಕ್ಕ' ಎಂದು ಹೆಸರಿಟ್ಟರು. ಲಿಫ್ಟು ಕೆಟ್ಟರೆ, "ಆ ಬರ್ಕೊಳ್ಳೋ ಅಕ್ಕಂಗೇ ಕೊಡಿ, ಬೇರೆಯವರು ಬೇಡ" ಎಂದು ಕೇಳಿ ಪಡೆಯುವ ಗಿರಾಕಿಗಳಿದ್ದರು. ಆ ಹೆಸರು ಕಂಪನಿಯೊಳಗೂ ಬಂದು ಕೂತಿತು. ಹಾಜರಿ ಪುಸ್ತಕದಲ್ಲಿದ್ದ ನಿಜವಾದ ಹೆಸರನ್ನು ಸಂಬಳದ ಗುಮಾಸ್ತರ ಹೊರತು ಎಲ್ಲರೂ ಮರೆತರು.

ಅವಳು ಕೂರುತ್ತಿದ್ದದ್ದು ಲಿಫ್ಟ್ ರಿಪೇರಿ ಕಂಪನಿಯ ನೆಲಮಹಡಿಯ ಸಹಾಯ ಕೊಠಡಿಯಲ್ಲಿ. ಎರಡು ಮೇಜು, ಕಿವಿಗೆ ಹಾಕಿಕೊಳ್ಳುವ ಎರಡು ಹೆಡ್‌ಫೋನು, ಯಾವ ಕಟ್ಟಡ ಎಲ್ಲಿದೆಯೆಂದು ಗುಂಡುಸೂಜಿ ಚುಚ್ಚಿದ ಗೋಡೆ ನಕ್ಷೆ, ಪಾರ್ಕಿಂಗಿನ ಕಡೆಗೆ ತೆರೆಯುವ ಒಂದು ಕಿಟಕಿ. ಆ ಕಿಟಕಿಯಿಂದ ಕಾಣುತ್ತಿದ್ದ ಸೌಂದರ್ಯವೆಂದರೆ ಕಾರುಗಳ ಹಿಂಭಾಗ. ಊರಿನ ಯಾವ ಲಿಫ್ಟಿನ ಕೆಂಪು ಗುಂಡಿ ಒತ್ತಿದರೂ ಇಲ್ಲಿ ಗಂಟೆ ಬಾರಿಸುತ್ತಿತ್ತು. ಯಾವ ಕಟ್ಟಡ, ಒಳಗೆ ಎಷ್ಟು ಜನ, ದೀಪ ಉರಿಯುತ್ತಿದೆಯೇ, ಯಾರಿಗಾದರೂ ಉಸಿರಿನ ತೊಂದರೆ ಇದೆಯೇ ಎಂದು ಕೇಳಬೇಕು. ಬಾಗಿಲು ಮೀಟಬೇಡಿ ಎನ್ನಬೇಕು. ಮೆಕ್ಯಾನಿಕ್ಕನ್ನು ಅಟ್ಟಬೇಕು. ಆಮೇಲೆ ಅವನು ಹೋಗಿ ಬಾಗಿಲು ತೆಗೆಯುವವರೆಗೂ ಲೈನು ಬಿಡಬಾರದು. ಇದೇ ಕೆಲಸದ ತಿರುಳು. ಲೈನು ಬಿಡದೆ ಇರುವುದೆಂದರೆ ಬೈಸಿಕೊಳ್ಳುತ್ತ ಇರುವುದು. ತಿರುಗಿ ಬೈಯುವಂತಿಲ್ಲ. ಹಾಗೆ ಹಗಲೆಲ್ಲ ನುಂಗಿಕೊಂಡ ಮಾತುಗಳನ್ನು ಅವಳು ನಿದ್ದೆಯಲ್ಲಿ ಅಗಿಯತೊಡಗಿದಳು.

"ಹಲ್ಲು ಕಡೀತೀಯಾ ಅಂತ ಗೊತ್ತಾ ನಿಂಗೆ?" ಎಂದು ಗಂಡ ಕೇಳಿದ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು; ಸವೆತದ ಸದ್ದು ಅವನಿಗೆ ಚೆನ್ನಾಗಿ ಗೊತ್ತು.

ಹಲ್ಲಿನ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, "ಏನಮ್ಮ, ಕಲ್ಲು ತಿಂತೀರಾ?" ಎಂದರು. ಮಲಗುವಾಗ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಒಂದು ಕವಚ ಕೊಟ್ಟರು. ಜೊತೆಗೆ, ಮನಸ್ಸಿಗೆ ಹಿತವಾಗುವಂಥದ್ದು ಏನಾದರೂ ಮಾಡಿ ಎಂದು ಪುಕ್ಕಟೆ ಸಲಹೆಯನ್ನೂ ಕೊಟ್ಟರು. ಕಾಲೇಜಿಗೆ ಹೋಗುವ ಮಗಳು ಆ ವಾರವೇ ಪುಸ್ತಕದಂಗಡಿಯಿಂದ ದೊಡ್ಡವರಿಗೆಂದೇ ಮಾಡಿದ ಬಣ್ಣ ತುಂಬುವ ಪುಸ್ತಕವೊಂದನ್ನೂ ಒಂದು ಡಬ್ಬ ಬಣ್ಣದ ಪೆನ್ಸಿಲನ್ನೂ ತಂದು ಅಮ್ಮನ ಮುಂದಿಟ್ಟಳು.

ಅತ್ತೆ ಮಂಚದ ಮೇಲಿಂದಲೇ ಕೊರಳು ಚಾಚಿದರು. "ಅಲ್ಲಮ್ಮಾ, ಬಣ್ಣದ ಪುಸ್ತಕ ಬಂತು. ಹಾಲುಣಿಸೋ ಬಾಟ್ಲಿ ಯಾವತ್ತು ಬರುತ್ತೆ?"

"ಅಜ್ಜಿ, ಇದು ದೊಡ್ಡವರದ್ದು. ನೋಡು, ಎಷ್ಟು ಸಣ್ಣ ಸಣ್ಣ ಗೆರೆ ಇದೆ."

"ಸಣ್ಣ ಗೆರೆ ಇದ್ರೆ ದೊಡ್ಡೋರದ್ದಾ? ನನ್ನ ಮುಖಕ್ಕೂ ಬಣ್ಣ ತುಂಬ್ಲಿ ಹಾಗಾದ್ರೆ."

ಅಕ್ಕ ನಾಚಿಕೊಂಡು ಪುಸ್ತಕವನ್ನು ಆಫೀಸಿಗೆ ಒಯ್ದು ಡ್ರಾಯರಿನಲ್ಲಿ ಬಚ್ಚಿಟ್ಟಳು. ಒಂದು ದಿನ ಮಾಲಿನ ಲಿಫ್ಟಿನಲ್ಲಿ ಸಿಕ್ಕ ವಕೀಲರೊಬ್ಬರು ಅವಳ ಮೇಲೆ, ಅವಳ ಕಂಪನಿಯ ಮೇಲೆ, ಲಿಫ್ಟು ಕಂಡುಹಿಡಿದವನ ಮೇಲೆ ಕೇಸು ಹಾಕುವುದಾಗಿ ಗುಡುಗುತ್ತಿದ್ದಾಗ, ಅವಳ ಕೈ ತಾನಾಗಿ ಡ್ರಾಯರು ಎಳೆಯಿತು. ಒಂದು ಎಲೆಗೆ ಹಸಿರು ಹಚ್ಚಿದಳು. ಪೆನ್ಸಿಲನ್ನು ಒತ್ತಿ ಹಿಡಿದರೆ ಕಡು ಹಸಿರು, ತೇಲಿಸಿದರೆ ತಿಳಿ ಹಸಿರು; ಕಾಗದದ ಕಣಕಣಗಳ ನಡುವೆ ಬಿಳಿ ಉಳಿಯುತ್ತದೆ, ಅದರ ಮೇಲೆ ಇನ್ನೊಮ್ಮೆ ಎಳೆದರೆ ಅದೂ ಮುಚ್ಚುತ್ತದೆ. ಎಲೆ ಮುಗಿಯುವ ಹೊತ್ತಿಗೆ ವಕೀಲರು ತಮ್ಮ ಮಂಡಿನೋವಿನ ವಿಷಯಕ್ಕೆ ಬಂದಿದ್ದರು. ಆಶ್ಚರ್ಯವೆಂದರೆ ಅವರು ಹೇಳಿದ್ದೆಲ್ಲ ಅವಳ ತಲೆಯಲ್ಲಿ ಸ್ಪಷ್ಟವಾಗಿ ಕೂತಿತ್ತು. ಕೈಗೆ ಕೆಲಸ ಕೊಟ್ಟರೆ ಕಿವಿ ಬಿಡುವಾಗುತ್ತದೆಂದು ಅವಳಿಗೆ ಆವತ್ತು ತಿಳಿಯಿತು. ಫೋನಿಟ್ಟ ಮೇಲೆ ಕಂಪ್ಯೂಟರಿಗೆ ಎರಡು ಸಾಲು ಬಡಿದಳು, ಮುಗಿಯಿತು. ಕೆಲವು ವಾರಗಳಲ್ಲೇ ಪ್ಲಾಸ್ಟಿಕ್ ಕವಚ ಬಚ್ಚಲಿನ ಮೊಳೆಗೆ ಬಿತ್ತು.

ಈ ಗುಟ್ಟು ಗೊತ್ತಿದ್ದವಳು ಒಬ್ಬಳೇ, ಪಕ್ಕದ ಮೇಜಿನವಳು. ಸಣ್ಣ ಮೈಕಟ್ಟು, ನಿಲ್ಲದ ಚಿಲಿಪಿಲಿ, ಹಾಗಾಗಿ ಗುಬ್ಬಿ. ಅಕ್ಕನಿಗಿಂತ ಒಂದೆರಡು ವರ್ಷ ಚಿಕ್ಕವಳು, ಎಡಗೈಯವಳು. ಊಟದ ಡಬ್ಬಿ ತೆರೆಯುವಾಗ ಇಬ್ಬರ ಮೊಣಕೈಗಳೂ ಡಿಕ್ಕಿ ಹೊಡೆಯುತ್ತಿದ್ದವು, ಅಷ್ಟು ಹತ್ತಿರ. ಅಕ್ಕ ತನ್ನ ಡ್ರಾಯರಿನ ಬೀಗದ ಕೈ ಎಲ್ಲಿಡುತ್ತಾಳೆಂದು ಗುಬ್ಬಿಗೆ ಗೊತ್ತಿತ್ತು. ಗುಬ್ಬಿಯ ಗಂಡ ಯಾವತ್ತು ಮಾತು ಬಿಟ್ಟಿದ್ದಾನೆಂದು ಅಕ್ಕನಿಗೆ ಗೊತ್ತಿರುತ್ತಿತ್ತು.

ಪುಸ್ತಕದ ಕೊನೆಯಲ್ಲಿ ಎರಡು ಪುಟ ಹರಡಿದ ಒಂದು ಚಿತ್ರವಿತ್ತು. ಒಂದು ಮಹಾಕಟ್ಟಡ; ಮೈತುಂಬ ಕಿಟಕಿ. ಗೋಡೆಗೆ ಕಂದು, ಆಕಾಶಕ್ಕೆ ಸಂಜೆಯ ನೇರಳೆ ತುಂಬಿ, ಕಿಟಕಿಗಳನ್ನು ಮಾತ್ರ ಅಕ್ಕ ಹಾಗೇ ಬಿಟ್ಟಳು. ಲಿಫ್ಟಿನಲ್ಲಿ ಸಿಕ್ಕಿದ್ದವರೊಬ್ಬರು ಸುಖವಾಗಿ ಹೊರಬಂದರೆಂದು ಮೆಕ್ಯಾನಿಕ್ಕಿನ ಫೋನು ಬಂದಾಗ ಒಂದು ಕಿಟಕಿಗೆ ಹಳದಿ. ಒಬ್ಬರಿಗೆ ಒಂದು. ಬೇರೆ ದೂರುಗಳಿಗೆ ಮೀನು, ಎಲೆ, ಚಿಟ್ಟೆ ಯಾವುದಾದರೂ ಆಗುತ್ತಿತ್ತು. ಕಿಟಕಿ ಮಾತ್ರ ಹೊರಬಂದವರಿಗೇ ಮೀಸಲು. ಹಳದಿ ಪೆನ್ಸಿಲ್ ಮಿಕ್ಕವುಗಳಿಗಿಂತ ಮುಂಚೆ ಮೋಟಾಗಿ, ಹಳೇ ಪೆನ್ನಿನ ಕೊಳವೆಗೆ ಸಿಗಿಸಿ ಹಿಡಿಯುವಂತಾಗಿತ್ತು. ಬೆಕ್ಕನ್ನು ಎತ್ತಿಕೊಂಡು ಸಿಕ್ಕಿಬಿದ್ದಿದ್ದ ಹೆಂಗಸಿನ ಕಿಟಕಿಯಲ್ಲಿ ಎರಡು ಪುಟ್ಟ ಕಿವಿ ಬರೆದಳು. ಆಸ್ಪತ್ರೆ ಲಿಫ್ಟಿನಲ್ಲಿ ತನಗೆ ತಾನೇ ಹಾಡಿಕೊಳ್ಳುತ್ತಿದ್ದ ಮುದುಕರದ್ದು ಮೇಲಿನ ಸಾಲಿನ ಮೂಲೆ ಕಿಟಕಿ, ಗಾಳಿ ಬರಲಿ ಎಂದು.

ಗುಬ್ಬಿಗೆ ಇದು ಅಕ್ಕನಿಗಿಂತ ಹೆಚ್ಚು ಹುಚ್ಚು. "ಅಕ್ಕಾ, ಆ ಬ್ಯಾಂಕಿನ ದಂಪತಿಗೆ ಹಚ್ಚಿದ್ಯಾ? ಒಳಗೇ ಜಗಳ ಆಡ್ತಿದ್ರಲ್ಲ, ಅಕ್ಕಪಕ್ಕ ಹಚ್ಬೇಡ, ಬೇರೆ ಬೇರೆ ಮಹಡೀಲಿ ಹಚ್ಚು" ಎನ್ನುತ್ತಿದ್ದಳು. "ಪೂರ್ತಿ ತುಂಬಿದ ದಿನ ಏನ್ಮಾಡ್ತೀಯಾ?" ಎಂದು ಒಮ್ಮೆ ಕೇಳಿದಳು.

"ತುಂಬಲ್ಲ ಬಿಡು. ನಾನು ರಿಟೈರಾಗೋವರ್ಗೂ ಬರುತ್ತೆ" ಎಂದಿದ್ದಳು ಅಕ್ಕ.

ಹೀಗಿರುವಾಗ ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಖೆಯೂ ನೌಕರರ ಮನಸ್ಸಿನ ಒತ್ತಡ ಇಳಿಸಲು ಏನಾದರೂ ವಿನೂತನ ಕ್ರಮ ಕೈಗೊಂಡು, ಫೋಟೋ ಸಮೇತ ವರದಿ ಕಳಿಸಬೇಕೆಂದು. ಶಾಖೆಯ ಮ್ಯಾನೇಜರು ಅದನ್ನು ಓದಿದ ಗಳಿಗೆಯಿಂದ ಇಡೀ ಶಾಖೆಯ ಒತ್ತಡ ಏರಿತು. ಮ್ಯಾನೇಜರು ಕೆಟ್ಟವರಲ್ಲ. ಆದರೆ ತಾವು ನಡೆದುಬರುವಾಗ ಕಾರಿಡಾರು ಸ್ವಲ್ಪ ಅಗಲವಾಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದವರು. "ವಿನೂತನವಾಗಿ ಯೋಚಿಸಿ, ಶುಕ್ರವಾರದೊಳಗೆ" ಎಂದು ಮಹಡಿ ಮಹಡಿಗೂ ಹೋಗಿ ಹೇಳಿದರು.

ಅದೇ ವಾರ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ನು. ಅಕ್ಕ ರಜೆ ಹಾಕಿ ಆಸ್ಪತ್ರೆಯಲ್ಲಿದ್ದಳು. "ಬಣ್ಣ ಸರಿಯಾಗಿ ಕಾಣೋಕೆ ಶುರುವಾದ್ರೆ ಮೊದ್ಲು ನಿನ್ನ ಪುಸ್ತಕ ನೋಡಿ ಬೈತೀನಿ" ಎಂದು ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಎಚ್ಚರಿಕೆ ಕೊಟ್ಟಿದ್ದರು.

ರಜೆ ಮುಗಿಸಿ ಬಂದ ಬೆಳಿಗ್ಗೆ ಕಂಪನಿಯ ಬಾಗಿಲು ದಾಟುತ್ತಿದ್ದಂತೆ ಎದುರುಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಅವಳ ಮಹಾಕಟ್ಟಡ ತೂಗುತ್ತಿತ್ತು.

ಮೊದಲ ಕ್ಷಣ ಅವಳಿಗೆ ಸಂತೋಷವೇ ಆಯಿತೆಂಬುದನ್ನು ಹೇಳಿಬಿಡಬೇಕು. ಯಾರೋ ಮೆಚ್ಚಿ ಕಟ್ಟು ಹಾಕಿಸಿದ್ದಾರೆ ಎಂದುಕೊಂಡಳು. ಹತ್ತಿರ ಹೋದಳು. ಎಲ್ಲ ಕಿಟಕಿಗಳಲ್ಲೂ ದೀಪ ಉರಿಯುತ್ತಿತ್ತು. ಒಂದೂ ಬಿಡದೆ, ಎಲ್ಲದಕ್ಕೂ ಹಳದಿ. ಲಿಫ್ಟಿನಲ್ಲಿ ಸಿಕ್ಕಿಕೊಳ್ಳದವರು, ಈ ಊರಿಗೇ ಬಾರದವರು, ಇನ್ನೂ ಹುಟ್ಟದವರು, ಎಲ್ಲರೂ ಒಂದೇ ಏಟಿಗೆ ಬಿಡುಗಡೆಯಾಗಿದ್ದರು. ಹೊಸ ಹಳದಿ ಕೊಂಚ ನಿಂಬೆಯ ಬಣ್ಣದ್ದು. ಅದರ ಗೀರುಗಳು ಅವಳ ಗೀರುಗಳಿಗೆ ಎದುರುದಿಕ್ಕಿಗೆ ವಾಲಿದ್ದವು. ಬಲಗೈಯವರು ಹಾಗೆ ಗೀರುವುದಿಲ್ಲ.

ಚೌಕಟ್ಟಿನ ಕೆಳಗೆ ಹಿತ್ತಾಳೆಯ ತಗಡಿನಲ್ಲಿ 'ಒತ್ತಡದಿಂದ ಉಲ್ಲಾಸದೆಡೆಗೆ' ಎಂದೂ, ಅದರ ಕೆಳಗೆ ಗುಬ್ಬಿಯ ಪೂರ್ತಿ ಹೆಸರೂ ಇತ್ತು. ಅಷ್ಟು ಉದ್ದದ ಹೆಸರು ಗುಬ್ಬಿಗೆ ಇದೆಯೆಂದು ಅಕ್ಕನಿಗೆ ಆವತ್ತೇ ಗೊತ್ತಾದದ್ದು.

ಸಹಾಯ ಕೊಠಡಿಯಲ್ಲಿ ಪಕ್ಕದ ಮೇಜಿಗೆ ಯಾರೋ ಹೊಸ ಹುಡುಗಿ ಬಂದು ಕೂತಿದ್ದಳು. ಡ್ರಾಯರು ಬೀಗವಿಲ್ಲದೆ ತೆರೆದಿತ್ತು. ಪುಸ್ತಕವಿಲ್ಲ, ಡಬ್ಬವಿಲ್ಲ, ಮೋಟು ಹಳದಿಯೂ ಇಲ್ಲ. ಮೂಲೆಯಲ್ಲಿ ಪೆನ್ಸಿಲ್ ಕೆತ್ತಿದ ಹೊಟ್ಟು ಒಂದಿಷ್ಟು ಉಳಿದಿತ್ತು.

ಗುಬ್ಬಿ ಸಿಕ್ಕಿದ್ದು ಮೇಲಿನ ಮಹಡಿಯ ಟೀ ಯಂತ್ರದ ಹತ್ತಿರ. ಕೊರಳಿಗೆ ಹೊಸ ಗುರುತಿನ ಚೀಟಿ: ಉಲ್ಲಾಸ ಸಂಯೋಜಕಿ. ಮೂರನೇ ಮಹಡಿಯಲ್ಲಿ ಕೂರಲು ಜಾಗ, ಕಿವಿಗೆ ಹೆಡ್‌ಫೋನಿನಿಂದ ಮುಕ್ತಿ.

"ಅಕ್ಕಾ, ನಾನೇ ಫೋನ್ ಮಾಡಿ ಹೇಳೋಣ ಅಂತಿದ್ದೆ. ಅತ್ತೆ ಆಸ್ಪತ್ರೇಲಿದ್ರಲ್ಲ, ಅದಕ್ಕೆ ಸುಮ್ನಾದೆ" ಎಂದಳು. ಟೀ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದಳು.

"ಡ್ರಾಯರು ತೆಗೆದವರು ಯಾರು?"

"ಸಾರ್ ಹೊಸದೇನಾದ್ರೂ ಬೇಕು ಅಂತ ತಲೆ ತಿಂತಿದ್ರು. ಸರಿ, ಇದನ್ನ ತೋರ್ಸೋಣ, ನಿನಗೂ ಹೆಸರು ಬರುತ್ತೆ ಅಂತ ತೆಗೆದೆ. ಆಣೆಗೂ ಅಷ್ಟೇ ಕಣಕ್ಕ. ಸಾರ್ ನೋಡಿದ್ದೇ, 'ಇದೆಲ್ಲ ನೀವೇ ಮಾಡಿದ್ದಾ?' ಅಂದ್ರು. ನಾನು ಅಲ್ಲ ಅಂತ ಬಾಯಿ ತೆಗೆಯೋಷ್ಟರಲ್ಲಿ ಎಲ್ಲಾ ಚಪ್ಪಾಳೆ ಹೊಡೆದ್ಬಿಟ್ರು."

"ಚಪ್ಪಾಳೆ ನಿಂತ ಮೇಲೆ?"

"ನಿಂತ ಮೇಲೆ ಹೇಳಿದ್ರೆ ಎಲ್ಲರ ಮುಂದೆ ಸಾರ್‌ಗೆ ಅವಮಾನ ಆಗ್ತಿತ್ತಲ್ವಾ?"

ಮ್ಯಾನೇಜರ ಮಾನದ ಬಗ್ಗೆ ಗುಬ್ಬಿಗೆ ಇಂಥ ಕಾಳಜಿ ಯಾವತ್ತಿನಿಂದ ಎಂದು ಅಕ್ಕ ಕೇಳಲಿಲ್ಲ. "ಕಿಟಕಿ?" ಎಂದಳು.

ಗುಬ್ಬಿ ಟೀ ಕಡೆ ನೋಡಿದಳು. "ಅರ್ಧಂಬರ್ಧ ಇದ್ರೆ ಗೋಡೆ ಮೇಲೆ ಚೆನ್ನಾಗಿರಲ್ಲ, ಪೂರ್ತಿ ಮಾಡಿ ಅಂದ್ರು."

"ಕಿಟಕಿ ಅಂದ್ರೆ ಏನು ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಆದ್ರೂ ಅಕ್ಕಾ, ಕಾಗದದ ಮೇಲಿನ ಕಿಟಕಿ ತಾನೇ?"

ಅಕ್ಕ ಟೀ ತೆಗೆದುಕೊಳ್ಳದೆ ಕೆಳಗಿಳಿದು ಬಂದಳು. ಚಿತ್ರ ಕದ್ದದ್ದನ್ನಾದರೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ, ನುಂಗುವುದರಲ್ಲಿ ನುರಿತವಳು. ಆದರೆ ಬೆಕ್ಕಿನ ಕಿವಿ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕವಳು, ಹಾಡುವ ಮುದುಕರಿಗೆ ಮೂಲೆ ಕಿಟಕಿ ಕೊಡು ಎಂದು ಜಾಗ ತೋರಿಸಿದವಳು, ಅದೇ ಕೈಯಿಂದ ಉಳಿದದ್ದನ್ನೆಲ್ಲ ಬಳಿದುಬಿಟ್ಟಿದ್ದಳು. ಗೊತ್ತಿಲ್ಲದೆ ತುಳಿದವರ ಮೇಲೆ ರೇಗಬಹುದು. ಗೊತ್ತಿದ್ದೇ ತುಳಿದವಳನ್ನು ಏನು ಮಾಡುವುದು?

ಮನೆಯಲ್ಲಿ ಗಂಡ, "ಅದಕ್ಕೇನಂತೆ, ಅಂಥದ್ದೇ ಇನ್ನೊಂದು ಪುಸ್ತಕ ತಗೊಂಡ್ರಾಯ್ತು" ಎಂದ. ಅವನ ಅಂಗಡಿಯಲ್ಲಿ ಗಾಜು ಒಡೆದರೆ ಅಳತೆ ನೋಡಿ ಇನ್ನೊಂದು ಉಜ್ಜುತ್ತಾರೆ. ಅವನ ಲೋಕದಲ್ಲಿ ಎಲ್ಲಕ್ಕೂ ಅದೇ ಮದ್ದು.

"ಕಂಪ್ಲೇಂಟ್ ಕೊಡಮ್ಮ" ಎಂದಳು ಮಗಳು.

"ಆ ಕಂಪನೀಲಿ ಕಂಪ್ಲೇಂಟ್ ತಗೊಳ್ಳೋಳು ನಾನೇ ಕಣೇ."

ಅತ್ತೆ ಒಂದು ಕಣ್ಣಿನ ಪಟ್ಟಿ ಸರಿಪಡಿಸಿಕೊಂಡರು. "ಮಕ್ಕಳಾಟ ಅಂತ ನಾನೇ ಆಡಿಕೊಂಡೆ, ಇಲ್ಲ ಅನ್ನಲ್ಲ. ಆದ್ರೆ ಮಗು ಕೈಯಿಂದ ಆಟದ ಸಾಮಾನು ಕಿತ್ಕೊಳ್ಳೋಳು ಎಂಥಾ ಹೆಂಗಸು? ನನ್ನ ಕಣ್ಣು ವಾಸಿಯಾಗ್ಲಿ, ಒಂದ್ಸಲ ತೋರ್ಸು ಅವಳನ್ನ." ಸೊಸೆಯ ಪರವಾಗಿ ಅತ್ತೆ ಆಡಿದ ಮೊದಲ ಮಾತು ಅದು. ಅಕ್ಕನಿಗೆ ಅಳು ಬಂದದ್ದು ಆಗ.

ಮುಂದಿನ ಸೋಮವಾರ ಮ್ಯಾನೇಜರ ಆದೇಶ ಬಂತು. ಪ್ರತಿ ಬುಧವಾರ ಮಧ್ಯಾಹ್ನ ಮೂರನೇ ಮಹಡಿಯ ಸಭಾಂಗಣದಲ್ಲಿ ಎಲ್ಲರೂ ಕಡ್ಡಾಯವಾಗಿ ಬಣ್ಣ ತುಂಬಿ ನಿರಾಳರಾಗತಕ್ಕದ್ದು. ಕೆಲಸದ ಮೇಜಿನಲ್ಲಿ ಬಣ್ಣ ತುಂಬುವುದು ನಿಷಿದ್ಧ. ಪೆನ್ಸಿಲುಗಳು ಸಂಯೋಜಕಿಯವರ ಕಪಾಟಿನಲ್ಲಿರುತ್ತವೆ. ಅನಧಿಕೃತವಾಗಿ ಒತ್ತಡ ಕಳೆದುಕೊಂಡವರ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದು ಬರೆಯುವುದೊಂದು ಬಾಕಿ.

ಮೊದಲ ಬುಧವಾರದ ನೋಟ ನೋಡತಕ್ಕದ್ದಾಗಿತ್ತು. ಗ್ರೀಸು ಹತ್ತಿದ ಕೈಯ ಮೆಕ್ಯಾನಿಕ್ಕುಗಳು ಪರೀಕ್ಷೆಗೆ ಕೂತ ಮಕ್ಕಳಂತೆ ಸಾಲಾಗಿ ಕೂತಿದ್ದರು. ಎಲ್ಲರಿಗೂ ಜೆರಾಕ್ಸ್ ಮಾಡಿದ ಒಂದೇ ಚಿಟ್ಟೆ, ಒಬ್ಬೊಬ್ಬರಿಗೆ ಮೂರು ಬಣ್ಣ. ಮನಸ್ಸು ಚಂಚಲವಾಗಬಾರದೆಂದು ಮೊಬೈಲುಗಳನ್ನು ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿಕೊಂಡರು. ಮ್ಯಾನೇಜರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸಾಲುಗಳ ನಡುವೆ ತಿರುಗಿದರು. "ನಿರಾಳವಾಗಿ ಮಾಡಿ. ಗೆರೆ ದಾಟಬೇಡಿ. ನಿರಾಳವಾಗಿ. ಬೇಗ ಬೇಗ."

ಮೆಕ್ಯಾನಿಕ್ಕುಗಳಲ್ಲಿ ಹಿರಿಯನಾದ ಮೇಸ್ತ್ರಿ ಚಿಟ್ಟೆಗೆ ಪೂರ್ತಿ ಕಪ್ಪು ಬಳಿದಿದ್ದ.

"ಏನ್ರೀ ಇದು?" ಎಂದರು ಮ್ಯಾನೇಜರು.

"ಲಿಫ್ಟಿನ ಕೆಳಗಿನ ಹಳ್ಳಕ್ಕೆ ಬಿದ್ದ ಚಿಟ್ಟೆ ಸಾರ್. ಅಲ್ಲಿ ಹಿಂಗೇ ಇರುತ್ತೆ."

ಗುಬ್ಬಿ ಮೈಕು ಹಿಡಿದು, ತಾನು ಈ ಹವ್ಯಾಸ ಹೇಗೆ ಆರಂಭಿಸಿದೆನೆಂದು ಹೇಳಿದಳು. ಹಲ್ಲು ಕಡಿಯುತ್ತಿದ್ದೆ, ಹಲ್ಲಿನ ಡಾಕ್ಟರು ಹೀಗೆಂದರು ಎಂದೂ ಹೇಳಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಕೇಳಿದಳು. ಚಿತ್ರ ಹೋಯಿತು, ಕಿಟಕಿ ಹೋಯಿತು, ಈಗ ತನ್ನ ಹಲ್ಲುಗಳೂ ಹೋದವು.

ಕೆಳಗೆ ಸಹಾಯ ಕೊಠಡಿಯಲ್ಲಿ ಬೇರೆಯೇ ಗ್ರಹಚಾರ ಶುರುವಾಗಿತ್ತು. ಲಿಫ್ಟಿನಲ್ಲಿ ಸಿಕ್ಕ ಜನ ಮಾತಿನ ನಡುವೆ ತಟ್ಟನೆ ನಿಲ್ಲಿಸಿ, "ಅಕ್ಕಾ, ಬರ್ಕೊಳ್ತಿಲ್ವಾ?" ಎನ್ನತೊಡಗಿದರು.

"ಕೇಳಿಸ್ಕೊಳ್ತಿದೀನಿ, ಹೇಳಿ."

"ಸದ್ದೇ ಬರ್ತಿಲ್ಲ. ನಾನು ಹೇಳೋದನ್ನ ನೀವು ಬರ್ಕೊಳ್ತಿಲ್ಲ. ಮೊದ್ಲು ಹಿಂಗಿರಲಿಲ್ಲ ನೀವು."

ದೂರು ಅಟೆಂಡರಿಂದ ಮ್ಯಾನೇಜರವರೆಗೆ ಹೋಯಿತು. ಅವಳು ಪೆನ್ನು ಹಿಡಿದು ಸುಮ್ಮನೆ ಗೀಚಿ ನೋಡಿದಳು; ಬಾಲ್‌ಪೆನ್ನಿನದು ಜಾರುವ ಸದ್ದು, ಯಾರೂ ಮೋಸ ಹೋಗಲಿಲ್ಲ. ಬಚ್ಚಲಿನ ಮೊಳೆಯಿಂದ ಪ್ಲಾಸ್ಟಿಕ್ ಕವಚ ಮತ್ತೆ ಬಾಯಿಗೆ ಬಂತು. ಇದ್ದದ್ದನ್ನು ಇದ್ದಂತೆ ಹೇಳಿ ಮ್ಯಾನೇಜರಿಂದ ಪುಸ್ತಕ ಕೇಳಬಹುದಿತ್ತು. ಆದರೆ ಹೇಳಬೇಕಾದವಳು ತಾನಲ್ಲ ಎಂದು ಅವಳ ಹಟ. ಪ್ರತಿ ದಿನ ಬಾಗಿಲ ಸದ್ದಾದಾಗ, ಬಂದಳೇನೋ, ಹೇಳಿಬಿಟ್ಟೆ ಕಣಕ್ಕ ಎನ್ನುತ್ತಾಳೇನೋ ಎಂದು ತಲೆ ಎತ್ತುತ್ತಿದ್ದಳು. ಬರುತ್ತಿದ್ದವನು ಅಟೆಂಡರು.

ಕೇಂದ್ರ ಕಚೇರಿಯವರು ಉಲ್ಲಾಸವನ್ನು ಕಣ್ಣಾರೆ ಕಾಣಲು ಬರುವ ಬುಧವಾರ ಬಂತು. ಫೋನು ನೋಡಲು ಒಬ್ಬರಾದರೂ ಬೇಕೆಂದು ಅಕ್ಕನನ್ನು ಕೆಳಗೆ ಬಿಟ್ಟು ಉಳಿದವರೆಲ್ಲ ಮೇಲೆ ಹೋದರು. ಕಟ್ಟಡ ಮೌನವಾಯಿತು. ಸ್ವಲ್ಪ ಹೊತ್ತಿಗೆ ಅವಳ ಮೇಜಿನ ಗಂಟೆ ಬಾರಿಸಿತು. ಪರದೆಯ ಮೇಲೆ ಬಂದ ವಿಳಾಸ ನೋಡಿ ಅವಳು ಕಣ್ಣು ಕಿರಿದು ಮಾಡಿದಳು. ಅದು ತನ್ನ ಕಂಪನಿಯದೇ. ಊರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಕಂಪನಿಯ ಸ್ವಂತ ಲಿಫ್ಟು ಬಹಳ ದಿನಗಳಿಂದ ನರಳುತ್ತಿತ್ತು; ತಮಗೆ ತಾವೇ ದೂರು ಕೊಟ್ಟುಕೊಳ್ಳುವ ಪದ್ಧತಿ ಇರಲಿಲ್ಲ.

"ಹೆದರ್ಬೇಡಿ, ನಾನಿದೀನಿ. ಏನಾಯ್ತು ಹೇಳಿ."

"ಅಕ್ಕಾ, ನಾನು, ಗುಬ್ಬಿ. ಲಿಫ್ಟು ನಿಂತೋಯ್ತು."

ಅಕ್ಕನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ದನಿ ಎಂದಿನಂತೆ ಹೊರಟಿತು. "ಯಾವ ಕಟ್ಟಡ ಮೇಡಂ?"

"ಯಾವ ಕಟ್ಟಡ ಅಂದ್ರೆ? ನಿನ್ನ ತಲೆ ಮೇಲೇ ಇದೀನಿ."

"ಒಳಗೆ ಎಷ್ಟು ಜನ ಇದೀರಾ ಮೇಡಂ?"

"ನಾನೊಬ್ಳೇ. ಹೊಸ ಪೆನ್ಸಿಲ್ ಡಬ್ಬಗಳ ಪೆಟ್ಟಿಗೆ ತಗೊಂಡು ಹೋಗ್ತಿದ್ದೆ. ಮೇಡಂ ಅನ್ಬೇಡ ಅಕ್ಕ."

"ದೀಪ ಉರೀತಿದೆಯಾ ಮೇಡಂ?"

"ಮಿಣಿಮಿಣಿ ಅಂತಿದೆ. ಈಗ ಆರಿಹೋಯ್ತು." ದನಿ ಬದಲಾಯಿತು. "ಅಕ್ಕಾ, ಕತ್ತಲೆ. ಮೊಬೈಲೂ ಬುಟ್ಟೀಲಿದೆ."

"ಬಾಗಿಲು ಮೀಟೋಕೆ ಹೋಗ್ಬೇಡಿ. ಮೂಲೇಲಿ ಕೂತ್ಕೊಳ್ಳಿ. ಮೆಕ್ಯಾನಿಕ್ಕನ್ನ ಕಳಿಸ್ತೀನಿ."

ಕಳಿಸುವುದಾದರೂ ಯಾರನ್ನು? ಮೇಸ್ತ್ರಿಯ ಮೊಬೈಲು ಬುಟ್ಟಿಯಲ್ಲಿತ್ತು. ಎಲ್ಲ ಮೆಕ್ಯಾನಿಕ್ಕುಗಳ ಮೊಬೈಲುಗಳೂ ಆ ಬುಟ್ಟಿಯಲ್ಲೇ ಒಂದರ ಮೇಲೊಂದು ಮಲಗಿ ಗುಂಯ್‌ಗುಟ್ಟುತ್ತಿದ್ದವು. ಅಕ್ಕ ಇನ್ನೊಂದು ಫೋನಿನಲ್ಲಿ ಗೇಟಿನ ಕಾವಲುಗಾರನನ್ನು ಹಿಡಿದು ಮೆಟ್ಟಿಲು ಹತ್ತಿಸಿದಳು. ಅವನು ಹೋಗಿ ಬಂದು ಏದುಸಿರು ಬಿಡುತ್ತ ಹೇಳಿದ: "ಸಾರ್ ಹೇಳ್ತಾರೆ, ಎಲ್ರೂ ನಿರಾಳವಾಗಿದಾರೆ, ಮಧ್ಯೆ ಎಬ್ಬಿಸೋ ಹಾಗಿಲ್ಲ, ಕೇಂದ್ರ ಕಚೇರಿಯವರು ನೋಡ್ತಿದಾರೆ ಅಂತ."

"ಹತ್ತು ಇನ್ನೊಂದ್ಸಲ. ಸಾರ್ ಹತ್ರ ಮಾತಾಡ್ಬೇಡ. ನೇರ ಮೇಸ್ತ್ರಿ ಕಿವೀಗೆ ಹೇಳು."

ಲೈನಿನಲ್ಲಿ ಗುಬ್ಬಿಯ ಉಸಿರು ದೊಡ್ಡದಾಗಿ ಕೇಳುತ್ತಿತ್ತು. ಎಷ್ಟೋ ವರ್ಷ ಪಕ್ಕದ ಮೇಜಿನಲ್ಲಿ ಕೂತು ಊರಿಗೆಲ್ಲ ಹೆದರಬೇಡಿ ಎಂದವಳು.

"ಅಕ್ಕಾ, ಇದೀಯಾ?"

"ಇದೀನಿ ಮೇಡಂ. ಲೈನು ಬಿಡಲ್ಲ."

"ಸ್ವಲ್ಪ ಗೀಚೇ ಅಕ್ಕಾ. ಏನಾದ್ರೂ ಗೀಚು. ಆ ಸದ್ದು ಕೇಳಿದ್ರೆ ಸಾಕು."

"ಪೆನ್ಸಿಲ್ಲೆಲ್ಲ ನಿಮ್ಮ ಹತ್ರಾನೇ ಇದೆ ಮೇಡಂ."

ಆಮೇಲೆ ಕತ್ತಲಲ್ಲಿ ಪೆಟ್ಟಿಗೆಯ ರಟ್ಟು ಹರಿದ ಸದ್ದು, ಪೆನ್ಸಿಲುಗಳು ಉರುಳಿದ ಸದ್ದು. ಅನಂತರ ಸರ್, ಸರ್, ಸರ್. ಗುಬ್ಬಿ ಯಾವ ಬಣ್ಣವೆಂದೂ ಕಾಣದೆ ರಟ್ಟಿನ ಮೇಲೆ ಗೀಚುತ್ತಿದ್ದಳು. ಅಕ್ಕ ಆ ಸದ್ದನ್ನು ಫೋನಿನ ಮೂಲಕ ಕೇಳಿದ್ದು ಅದೇ ಮೊದಲು. ತೀರ ಹತ್ತಿರ ಯಾರೋ ಕೂತು, ನೀನು ಹೇಳುವುದೆಲ್ಲ ಬೇಕಾದದ್ದೇ ಎನ್ನುವಂತೆ ಇತ್ತು. ಊರು ಯಾಕೆ ಮೋಸಹೋಯಿತೆಂದು ಅವಳಿಗೆ ತಿಳಿಯಿತು. ಬಿಗಿದಿದ್ದ ದವಡೆ ತಾನಾಗಿ ಸಡಿಲವಾಯಿತು. ಇವಳಿಂದ ಸಡಿಲವಾಯಿತಲ್ಲ ಎಂದು ಅವಳಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

"ನಾನು ಹೇಳ್ಬಿಡ್ತೀನಿ ಅಕ್ಕಾ" ಎಂದಿತು ಕತ್ತಲು, ಗೀಚುತ್ತಲೇ. "ಹೊರಗೆ ಬಂದ ತಕ್ಷಣ ಸಾರ್‌ಗೆ ಎಲ್ಲಾ ಹೇಳ್ತೀನಿ."

ಲಿಫ್ಟಿನೊಳಗಿನ ವಾಗ್ದಾನಗಳನ್ನು ಅಕ್ಕ ಬೇಕಾದಷ್ಟು ಕೇಳಿದ್ದಳು. ಹೆಂಡತಿಯ ಕ್ಷಮೆ ಕೇಳುತ್ತೇನೆ ಎಂದವರು, ನಾಳೆಯಿಂದ ಸಿಗರೇಟು ಬಿಡುತ್ತೇನೆ ಎಂದವರು, ಬಾಗಿಲು ತೆರೆದೊಡನೆ ಟೈ ಸರಿಪಡಿಸಿಕೊಂಡು ನಡೆದಿದ್ದರು. "ಆಯ್ತು ಮೇಡಂ" ಎಂದಳು.

ಮೇಸ್ತ್ರಿ ಕೊನೆಗೂ ಬಂದ. ಮೂತ್ರಕ್ಕೆಂದು ಅನುಮತಿ ಪಡೆದು ಸಭಾಂಗಣದಿಂದ ಪಾರಾಗಿ ಬಂದಿದ್ದ. ಬಾಗಿಲು ತೆರೆದ ಸದ್ದು, ಅವನ ಗೊಣಗಾಟ, ಗುಬ್ಬಿಯ ಬಿಕ್ಕು, ಎಲ್ಲವೂ ಅಕ್ಕನ ಕಿವಿಯಲ್ಲಿ ಕೇಳಿ, ಲೈನು ನಿಂತಿತು.

ಆಗಲೇ ಮೇಲ್ಗಡೆ ಕಾರ್ಯಕ್ರಮ ಮುಗಿದಿತ್ತು. ಕೇಂದ್ರ ಕಚೇರಿಯವರನ್ನು ಮುಂದಿಟ್ಟುಕೊಂಡು ಮ್ಯಾನೇಜರು ಮೆಟ್ಟಿಲಿಳಿದು ಬಂದರು. ಸಹಾಯ ಕೊಠಡಿಯ ತೆರೆದ ಬಾಗಿಲಿನಿಂದ ಅಕ್ಕನಿಗೆ ಎದುರುಗೋಡೆ ಕಾಣುತ್ತಿತ್ತು. ಎಲ್ಲರೂ ಚೌಕಟ್ಟಿನ ಮುಂದೆ ನಿಂತರು. "ಇವರೇ ಕಲಾವಿದೆ" ಎಂದು ಮ್ಯಾನೇಜರು, ಆಗತಾನೆ ಕಣ್ಣೊರೆಸಿಕೊಂಡು ಬಂದ ಗುಬ್ಬಿಯನ್ನು ಮುಂದಕ್ಕೆ ತಂದರು. ಬಂದವರು, ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ಮೆಚ್ಚಿಕೊಂಡರು. ಗುಬ್ಬಿ ಬಾಗಿಲ ಕಡೆ ನೋಡಿದಳು. ಅಕ್ಕನೂ ನೋಡಿದಳು. ಗುಬ್ಬಿಯ ಬಾಯಿ ತೆರೆಯಿತು. ಅಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು. ಬಾಯಿ ಮುಚ್ಚಿಕೊಂಡಿತು, ಮುಚ್ಚಿಕೊಂಡು ನಕ್ಕಿತು.

ಅಕ್ಕ ಕಂಪ್ಯೂಟರಿನ ಕಡೆ ತಿರುಗಿ ತನ್ನ ಎರಡು ಸಾಲು ಬಡಿಯತೊಡಗಿದಳು. ಒಳಗೆ ಒಬ್ಬರು. ಸುರಕ್ಷಿತವಾಗಿ ಹೊರಬಂದರು.

ಬಂದವರ ಕಾರು ಹೊರಟುಹೋದ ಮೇಲೆ ಗುಬ್ಬಿ ಒಳಗೆ ಬಂದು, ಹೊಸ ಹುಡುಗಿ ಇನ್ನೂ ಬಾರದೆ ಖಾಲಿಯಿದ್ದ ತನ್ನ ಹಳೆಯ ಕುರ್ಚಿಯ ತುದಿಯಲ್ಲಿ ಕೂತಳು. ಎಡಗೈ ಬೆರಳುಗಳಿಗೆ ಕಂಡಕಂಡ ಬಣ್ಣವೆಲ್ಲ ಮೆತ್ತಿತ್ತು. ಹೊಸ ಡಬ್ಬವೊಂದನ್ನು ಮೇಜಿನ ಮೇಲಿಟ್ಟು, ಅದರಿಂದ ಹಳದಿ ಪೆನ್ಸಿಲೊಂದನ್ನು ತೆಗೆದು ಅಕ್ಕನ ಕಡೆ ಉರುಳಿಸಿದಳು. ಅದು ಕೀಲಿಮಣೆಗೆ ತಗುಲಿ ನಿಂತಿತು.

"ಇವತ್ತು ಅವರೆಲ್ಲಾ ಇದ್ರು ಅಕ್ಕಾ. ಇನ್ನೊಂದಿನ ಖಂಡಿತ ಹೇಳ್ತೀನಿ" ಎಂದಳು. ಅಕ್ಕ ಬಡಿಯುವುದನ್ನು ನಿಲ್ಲಿಸಲಿಲ್ಲ. ಗುಬ್ಬಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಹಿಂದೆಲ್ಲ ಕೇಳುತ್ತಿದ್ದ ಅದೇ ಸಲಿಗೆಯಲ್ಲಿ ಕೇಳಿದಳು:

"ನಾನೂ ಸಿಕ್ಕಿಹಾಕ್ಕೊಂಡು ಹೊರಗೆ ಬಂದೆನಲ್ಲಕ್ಕ. ನನಗೂ ಒಂದು ಕಿಟಕಿ ಹಚ್ತೀಯಾ?"

"ಕಿಟಕಿ ಖಾಲಿ ಇಲ್ಲ ಮೇಡಂ. ಎಲ್ಲಾ ನೀವೇ ತುಂಬಿಬಿಟ್ಟಿದೀರಿ."